ಒಂದು ಗ್ಯಾರೇಜಿನ ಋಣ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಯಂತ್ರವನ್ನು ಕಲ್ಪಿಸಿದವನ ಹೆಸರನ್ನು ತಪ್ಪದೆ ಬರೆಯುತ್ತಾರೆ. ಅದಕ್ಕೆ ಹಣ ತೊಡಗಿಸಿದವನ ಹೆಸರನ್ನೂ ಬರೆಯುತ್ತಾರೆ. ಆದರೆ ಅವನಿಗೆ ಕೆಲಸದ ಸ್ಥಳವನ್ನು ಬಿಟ್ಟುಕೊಟ್ಟವನು, ತನ್ನ ಸುತ್ತಿಗೆ ಅರಗಳನ್ನು ಎರವಲಾಗಿ ಕೊಟ್ಟವನು, ರಾತ್ರಿಯ ಹೊತ್ತು ಪಕ್ಕದಲ್ಲಿ ದೀಪ ಹಿಡಿದು ನಿಂತವನು, ಇವರ ಹೆಸರುಗಳು ಬಹುಮಟ್ಟಿಗೆ ಬಿಟ್ಟುಹೋಗುತ್ತವೆ. ಎರಡನೆಯ ಮಹಾಯುದ್ಧವು ಮುಗಿದ ಬಳಿಕ ಲಂಡನ್ ನಗರದ ಉತ್ತರ ಭಾಗದಲ್ಲಿ ಕೆಲವು ತರುಣರು ಒಂದೇ ಗ್ಯಾರೇಜಿನಲ್ಲಿ, ಇದ್ದ ಉಪಕರಣಗಳನ್ನೇ ಹಂಚಿಕೊಂಡು, ಪಂದ್ಯದ ಕಾರುಗಳನ್ನು ಕಟ್ಟಲು ತೊಡಗಿದರು. ಅಲ್ಲಿಂದ ಹೊರಟ ಒಂದು ಕಾರಿನ ಕೀರ್ತಿಯು ಜಗತ್ತಿನಲ್ಲೆಲ್ಲ ಹರಡಿತು. ಹಲವರು ಕೂಡಿ ದುಡಿದ ಸ್ಥಳದಲ್ಲಿ ಹುಟ್ಟಿದ ಫಲವು ಒಬ್ಬನ ಹೆಸರಿಗೆ ಸಂದಾಗ ಉಳಿದವರಿಗೆ ಸಲ್ಲತಕ್ಕದ್ದೇನು ಎಂಬ ಪ್ರಶ್ನೆಯನ್ನು ಈ ಸಂಗತಿಯು ನಮ್ಮ ಮುಂದಿಡುತ್ತದೆ. ಆದ ಕಾರಣ ಅದನ್ನು ಮೊದಲಿಂದ ಹೇಳುವುದು ಉಚಿತ.

ಈ ಕಥೆಗೆ ಮೂಲವಾದದ್ದು ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರು. ಹರ್ಬರ್ಟ್ ಆಸ್ಟಿನ್ ಎಂಬ ಉದ್ಯಮಿಯು 1922ರಲ್ಲಿ ಇದನ್ನು ಹೊರತಂದನು. ಆಗ ಅವನ ಕಂಪೆನಿಯು ಸಾಲದಲ್ಲಿ ಮುಳುಗಿದ್ದು, ಇಂತಹ ಸಣ್ಣ ಕಾರನ್ನು ಮಾಡಲು ಆಡಳಿತ ಮಂಡಲಿಯವರು ಒಪ್ಪಲಿಲ್ಲ. ಅವನು ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟು ವಯಸ್ಸಿನ ನಕ್ಷೆಗಾರನನ್ನು ತನ್ನ ಮನೆಗೇ ಕರೆಯಿಸಿಕೊಂಡು, ಬಿಲಿಯರ್ಡ್ಸ್ ಆಡುವ ಕೊಠಡಿಯಲ್ಲಿ ಕುಳ್ಳಿರಿಸಿ ನಕ್ಷೆಗಳನ್ನು ಬರೆಯಿಸಿದನು. ಬಳಿಕ ಮಾರಾಟವಾದ ಒಂದೊಂದು ಕಾರಿಗೂ ಎರಡೆರಡು ಗಿನಿಗಳಂತೆ ರಾಯಧನವು ಆಸ್ಟಿನನಿಗೆ ಸಂದಿತು. 1939ರವರೆಗೆ ತಯಾರಾದ ಈ ಕಾರುಗಳ ಸಂಖ್ಯೆ ಸುಮಾರು 2,90,000. ಎಂಜಿನಿನ ಅಳತೆ 747 ಘನ ಸೆಂಟಿಮೀಟರು, ನಾಲ್ಕು ಸಿಲಿಂಡರುಗಳು. ಮೋಟಾರು ಸೈಕಲ್ಲಿಗೆ ಪಕ್ಕದ ಪೆಟ್ಟಿಗೆಯನ್ನು ಕಟ್ಟಿಕೊಂಡು ಹೆಂಡಿರು ಮಕ್ಕಳೊಡನೆ ತಿರುಗುತ್ತಿದ್ದ ಆಂಗ್ಲ ಗೃಹಸ್ಥನಿಗೆ ಇದು ಮೊದಲನೆಯ ನಿಜವಾದ ಕಾರು ಎನಿಸಿತು.

ಇಂತಹ ಕಾರಿನ ಕೆಲಸದಲ್ಲಿ ಒಬ್ಬನ ಉಪಕರಣವು ಇನ್ನೊಬ್ಬನಿಗೆ ಒದಗಬೇಕಾದರೆ ಅಳತೆಗಳು ಒಂದೇ ಆಗಿರಬೇಕು. ಒಂದು ಕಾಲದಲ್ಲಿ ಇಂಗ್ಲೆಂಡಿನ ಪ್ರತಿಯೊಂದು ಕಾರ್ಖಾನೆಯೂ ತನ್ನದೇ ಅಳತೆಯ ತಿರುಪುಗಳನ್ನು ಮಾಡುತ್ತಿತ್ತು. ಒಂದೆಡೆಯ ಬೋಲ್ಟಿಗೆ ಮತ್ತೊಂದೆಡೆಯ ನಟ್ಟು ಕೂಡುತ್ತಿರಲಿಲ್ಲ. ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿಯು 1841ರಲ್ಲಿ ಎಲ್ಲರೂ ಒಪ್ಪಬಹುದಾದ ಒಂದು ಕ್ರಮವನ್ನು ಸೂಚಿಸಿ, ತಿರುಪಿನ ಸುತ್ತುಗಳ ಕೋನವು 55 ಡಿಗ್ರಿ ಇರತಕ್ಕದ್ದೆಂದು ಗೊತ್ತುಮಾಡಿದನು. ಬ್ರಿಟಿಷ್ ಕಾರುಗಳ ನಟ್ಟು ಬೋಲ್ಟುಗಳು ಬಹುಕಾಲ ಈ ಪರಂಪರೆಯ ಅಳತೆಗಳನ್ನೇ ಅನುಸರಿಸಿದವು. ಹೀಗೆ ಒಬ್ಬನ ಸ್ಪ್ಯಾನರು ಹತ್ತು ಜನರ ಕಾರಿಗೆ ಒದಗುವಂತಾಯಿತು. ಒಂದು ವ್ಯಾಕರಣಕ್ಕೆ ಒಳಪಟ್ಟ ಮಾತು ಹೇಗೆ ದೇಶದ ಎರಡು ತುದಿಗಳ ಪಂಡಿತರಿಗೂ ತಿಳಿಯುತ್ತದೆಯೋ ಹಾಗೆಯೇ ಇದು.

ಇನ್ನು ಯುದ್ಧಾನಂತರದ ಸ್ಥಿತಿಯನ್ನು ನೋಡೋಣ. ಗೆದ್ದ ರಾಷ್ಟ್ರವಾದರೂ ಬ್ರಿಟನ್ನು ಸಾಲಗಾರ ರಾಷ್ಟ್ರವಾಗಿತ್ತು. ಹೊಸ ಕಾರುಗಳಲ್ಲಿ ಹೆಚ್ಚಿನವು ವಿದೇಶೀ ಹಣವನ್ನು ಗಳಿಸುವುದಕ್ಕಾಗಿ ಹಡಗು ಹತ್ತುತ್ತಿದ್ದವು. ಸ್ವದೇಶದಲ್ಲಿ ಕೊಳ್ಳುವವರ ಮೇಲೆ ಭಾರವಾದ ಖರೀದಿ ತೆರಿಗೆ ಇತ್ತು. ಪೆಟ್ರೋಲನ್ನು ಪಡಿಯಾಗಿ ಅಳೆದು ಕೊಡುತ್ತಿದ್ದರು. 1947ರಲ್ಲಿ ಖಾಸಗಿ ಸಂಚಾರದ ಆ ಪಡಿಯನ್ನೂ ಕೆಲವು ತಿಂಗಳ ಕಾಲ ನಿಲ್ಲಿಸಿಬಿಟ್ಟರು. ಪಡಿತರವು ಸಂಪೂರ್ಣವಾಗಿ ತೊಲಗಿದ್ದು 1950ರಲ್ಲಿ. ಕಾರಿನ ಹುಚ್ಚು ಹಿಡಿದ ತರುಣರಿಗೆ ಉಳಿದ ದಾರಿ ಒಂದೇ: ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಹಳೆಯ ಆಸ್ಟಿನ್ ಸೆವೆನನ್ನು ಅಗ್ಗವಾಗಿ ಕೊಂಡು, ಮೇಲಿನ ಕವಚವನ್ನು ಕಿತ್ತುಹಾಕಿ, ತಮ್ಮ ಮನಸ್ಸಿಗೆ ಬಂದ ಹಾಗೆ ಮರಳಿ ಕಟ್ಟುವುದು. ಆದರೆ ಲೇತು, ಬೆಸುಗೆಯ ಸಾಮಾನು, ಒಳ್ಳೆಯ ವೈಸು, ಮಳೆ ಬೀಳದ ಒಂದು ಸೂರು, ಇವೆಲ್ಲ ಒಬ್ಬ ವಿದ್ಯಾರ್ಥಿಯ ಬಳಿಯಲ್ಲಿ ಎಲ್ಲಿಂದ ಬರಬೇಕು? ಕೂಡಿ ದುಡಿಯುವುದು ಅಲ್ಲಿ ಆದರ್ಶವಾಗಿ ಅಲ್ಲ, ಅನಿವಾರ್ಯವಾಗಿ ಹುಟ್ಟಿತು.

ಹೀಗೆ ಕೂಡಿದವರಿಗೆ ಆಶ್ರಯವಾದದ್ದು 750 ಮೋಟಾರ್ ಕ್ಲಬ್. 1939ರಲ್ಲಿ, ಮೋಟಾರು ಪತ್ರಿಕೆಯೊಂದರ ಸಂಪಾದಕನಾದ ಬಿಲ್ ಬಾಡಿಯ ಪ್ರೇರಣೆಯಿಂದ ಇದು ಸ್ಥಾಪಿತವಾಯಿತು. ಯುದ್ಧದ ನಂತರ ಇದಕ್ಕೆ ಜೀವ ತುಂಬಿದವರಲ್ಲಿ ಪ್ರಮುಖನಾದ ಹಾಲೆಂಡ್ ಬರ್ಕೆಟ್ ವೃತ್ತಿಯಲ್ಲಿ ಪಶುವೈದ್ಯ. ಹಗಲು ದನಕರುಗಳಿಗೆ ಚಿಕಿತ್ಸೆ, ಉಳಿದ ಹೊತ್ತಿನಲ್ಲಿ ಆಸ್ಟಿನ್ನಿನ ಚಿಂತೆ! ಹಣವಂತರಲ್ಲದವರೂ ಪಂದ್ಯದಲ್ಲಿ ಓಡಿಸುವಂತಾಗಬೇಕೆಂಬ ಉದ್ದೇಶದಿಂದ, ಆಸ್ಟಿನ್ ಸೆವೆನ್ನಿನ ಎಂಜಿನು ಮತ್ತು ಅಡಿಕಟ್ಟನ್ನು ಆಧಾರವಾಗಿಟ್ಟುಕೊಂಡ 750 ಫಾರ್ಮುಲಾ ಎಂಬ ನಿಯಮಾವಳಿಯನ್ನು ಕ್ಲಬ್ಬಿನವರು ರಚಿಸಿದರು. 1950ರಲ್ಲಿ ಅದರ ಪಂದ್ಯಗಳು ಆರಂಭವಾದವು. ಕ್ಲಬ್ಬಿನ ವಾರ್ತಾಪತ್ರದಲ್ಲಿ ಸದಸ್ಯರು ತಾವು ಕಂಡುಕೊಂಡ ಉಪಾಯಗಳನ್ನು ಬರೆಯುತ್ತಿದ್ದರು. ಪಂದ್ಯದ ದಿನ ಪ್ರತಿಸ್ಪರ್ಧಿಯಾಗುವವನಿಗೆ ಹಿಂದಿನ ವಾರ ವಿದ್ಯೆಯನ್ನು ಧಾರೆಯೆರೆಯುವ ಈ ಪದ್ಧತಿಯು ವಿಚಿತ್ರವೆನಿಸಬಹುದು. ಪಾಠಶಾಲೆಗಳಲ್ಲಿ ವಾಕ್ಯಾರ್ಥಕ್ಕೆ ಕುಳಿತು ಪರಸ್ಪರ ಖಂಡಿಸುವ ಸಹಪಾಠಿಗಳೇ ಮುನ್ನಾ ರಾತ್ರಿ ಒಂದೇ ದೀಪದ ಕೆಳಗೆ ಒಂದೇ ಪುಸ್ತಕವನ್ನು ಓದಿದವರಾಗಿರುತ್ತಾರೆ ಎಂಬುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಈ ವಾತಾವರಣಕ್ಕೆ ಬಂದವನು ಕಾಲಿನ್ ಚಾಪ್‌ಮನ್. 1928ರಲ್ಲಿ ಜನಿಸಿದ ಈತನು ಲಂಡನ್ ವಿಶ್ವವಿದ್ಯಾಲಯದ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತ, ಬಿಡುವಿನಲ್ಲಿ ಹಳೆಯ ಕಾರುಗಳನ್ನು ಕೊಂಡು ಮಾರುತ್ತಿದ್ದನು. 1947ರಲ್ಲಿ ಪೆಟ್ರೋಲಿನ ಪಡಿ ನಿಂತಾಗ ಆ ವ್ಯಾಪಾರವೂ ಕುಸಿಯಿತು. ಮಾರಾಟವಾಗದ ಹಳೆಯ ಆಸ್ಟಿನ್ ಸೆವೆನೊಂದು ಕೈಯಲ್ಲಿ ಉಳಿಯಿತು. ಆತನ ಸ್ನೇಹಿತೆಯೂ ಮುಂದೆ ಪತ್ನಿಯೂ ಆದ ಹೇಜಲ್ ವಿಲಿಯಮ್ಸಳ ತಂದೆತಾಯಿಯರ ಮನೆಯ ಹಿಂದೆ ಒಂದು ಗ್ಯಾರೇಜು ಇತ್ತು. 1948ರಲ್ಲಿ ಅಲ್ಲಿ ಆ ಕಾರು ಹೊಸ ರೂಪವನ್ನು ತಾಳಿತು. ಹೇಜಲಳೂ ಕೈಗೆ ಮಸಿ ಮಾಡಿಕೊಂಡು ಜೊತೆಯಲ್ಲಿ ದುಡಿದಳು. ಲೋಟಸ್ ಎಂಬ ಹೆಸರಿನ ಮೊದಲನೆಯ ಕಾರು ಅದೇ. ಎಂದರೆ ಲೋಟಸ್ಸಿನ ಚರಿತ್ರೆಯ ಮೊದಲನೆಯ ಪುಟದಲ್ಲಿಯೇ ಎರವಲು ಗ್ಯಾರೇಜೊಂದು ಉಂಟು.

ಎರಡನೆಯ ಪುಟದಲ್ಲಿ ಬರುವವರು ಮೈಕೇಲ್ ಮತ್ತು ನೈಜೆಲ್ ಅಲೆನ್ ಎಂಬ ಸಹೋದರರು. ಉತ್ತರ ಲಂಡನ್ನಿನ ವುಡ್ ಗ್ರೀನ್ ಭಾಗದಲ್ಲಿದ್ದ ಅವರ ಮನೆಯ ಪಕ್ಕದಲ್ಲಿಯೇ ಉಪಕರಣಗಳಿಂದ ಸುಸಜ್ಜಿತವಾದ ಕಾರ್ಯಾಗಾರವೊಂದು ಇತ್ತು. ಚಾಪ್‌ಮನ್ನನ ಬಳಿಯಲ್ಲಿ ಯೋಜನೆಯಿತ್ತು, ಸ್ಥಳವಿರಲಿಲ್ಲ. ಅಲೆನ್ ಸಹೋದರರ ಬಳಿಯಲ್ಲಿ ಸ್ಥಳವೂ ಸಾಮಗ್ರಿಯೂ ಉತ್ಸಾಹವೂ ಇದ್ದವು. 750 ಫಾರ್ಮುಲಾ ಪಂದ್ಯಗಳಿಗಾಗಿ ಒಂದೇ ಮಾದರಿಯ ಮೂರು ಕಾರುಗಳನ್ನು, ತಲೆಗೊಂದರಂತೆ, ಕಟ್ಟುವುದೆಂದು ಮಾತಾಯಿತು. ಸಂಜೆಗಳೂ ಭಾನುವಾರಗಳೂ ಆ ಗ್ಯಾರೇಜಿನಲ್ಲಿ ಕಳೆದವು. ಆದರೆ 1951ರ ಪಂದ್ಯಗಳ ಕಾಲವು ಹತ್ತಿರವಾದಂತೆ ಮೂರನ್ನೂ ಮುಗಿಸುವುದು ಅಸಾಧ್ಯವೆಂದು ಕಂಡುಬಂದು, ಒಂದನ್ನಾದರೂ ಪೂರ್ಣಗೊಳಿಸಬೇಕೆಂದು ಎಲ್ಲರೂ ಅದಕ್ಕೇ ಕೈ ಹಚ್ಚಿದರು. ಆ ಒಂದು ಕಾರು ಚಾಪ್‌ಮನ್ನನದು.

ಲೋಟಸ್ ಮಾರ್ಕ್ 3 ಎಂಬ ಆ ಕಾರಿನ ವಿಶೇಷವು ಅದರ ಎಂಜಿನಿನಲ್ಲಿತ್ತು. ಆಸ್ಟಿನ್ ಸೆವೆನ್ನಿನಲ್ಲಿ ನಾಲ್ಕು ಸಿಲಿಂಡರುಗಳಿಗೆ ಪೆಟ್ರೋಲು ಬೆರೆತ ಗಾಳಿಯು ಒಳಹೋಗತಕ್ಕ ದ್ವಾರಗಳು ಎರಡೇ. ಎರಡೆರಡು ಸಿಲಿಂಡರುಗಳಿಗೆ ಒಂದೊಂದು. ಒಂದು ಸಿಲಿಂಡರು ಹೀರಿ ಮುಗಿಸುವಷ್ಟರಲ್ಲಿಯೇ ಅದರ ಜೊತೆಯದು ಅದೇ ದ್ವಾರದಿಂದ ಹೀರತೊಡಗುತ್ತಿತ್ತು. ಒಂದೇ ತೂಬಿನಿಂದ ಎರಡು ಗದ್ದೆಗಳಿಗೆ ನೀರು ಬಿಟ್ಟಾಗ ಒಂದು ತೋಯ್ದು ಇನ್ನೊಂದು ಅರೆಬರೆ ಒಣಗುವಂತೆ, ಪಾಲು ಸಮನಾಗುತ್ತಿರಲಿಲ್ಲ. ಚಾಪ್‌ಮನ್ನನು ದ್ವಾರಗಳ ಒಳಗೆ ತೆಳುವಾದ ಲೋಹದ ತಡಿಕೆಯನ್ನಿಟ್ಟು, ಅದಕ್ಕೆ ಹೊಂದುವ ಕೊಳವೆಗಳನ್ನು ಮಾಡಿಸಿ, ನಾಲ್ಕಕ್ಕೂ ಬೇರೆ ಬೇರೆ ದಾರಿಯನ್ನು ಕಲ್ಪಿಸಿದನು. ಶಕ್ತಿಯು ಹೆಚ್ಚಿತು. 1951ರಲ್ಲಿ ಆ ವರ್ಗದ ಉಳಿದ ಕಾರುಗಳು ಇದರ ಬೆನ್ನನ್ನೇ ನೋಡಬೇಕಾಯಿತು.

ಆಗ ಕ್ಲಬ್ಬಿನವರು ಏನು ಮಾಡಿದರು? ಮುಂದಿನ ವರ್ಷದ ನಿಯಮಗಳಲ್ಲಿ ಆ ಉಪಾಯವನ್ನು ನಿಷೇಧಿಸಿದರು. ಬುದ್ಧಿವಂತನಿಗೆ ಶಿಕ್ಷೆಯೇ ಎಂದು ಕೇಳುವವರುಂಟು. ನನಗೆ ಹಾಗೆ ತೋರುವುದಿಲ್ಲ. ಚಾಪ್‌ಮನ್ನನು ನಿಯಮವನ್ನು ಮೀರಿರಲಿಲ್ಲ. ಗೆದ್ದ ಪಂದ್ಯಗಳು ಗೆದ್ದವೇ. ಆದರೆ ಎಲ್ಲರೂ ಅದೇ ಸೂಕ್ಷ್ಮವಾದ ಕೆಲಸವನ್ನು ಮಾಡಿಸಲೇಬೇಕಾಗಿದ್ದರೆ, ಒಂದು ಅರ, ಒಂದು ಡ್ರಿಲ್ಲು ಮಾತ್ರ ಉಳ್ಳ ಬಡ ಸದಸ್ಯನು ಮನೆಗೆ ಹೋಗಬೇಕಾಗುತ್ತಿತ್ತು. ಹಂಚಿಕೊಂಡು ಬಾಳುವ ಸಂಘವು ಮುಂದೆ ಓಡುವವನ ಕಾಲನ್ನೂ, ಹಿಂದೆ ಬರುವವನ ಉಸಿರನ್ನೂ ಒಟ್ಟಿಗೆ ಲೆಕ್ಕಿಸಬೇಕಾಗುತ್ತದೆ. ಚಾಪ್‌ಮನ್ನನೂ ಜಗಳವಾಡುತ್ತ ಕುಳಿತುಕೊಳ್ಳದೆ, ಇನ್ನೂ ದೊಡ್ಡ ಎಂಜಿನುಗಳ ವರ್ಗದ ಕಡೆಗೆ ತಿರುಗಿದನು.

1952ರ ಜನವರಿ 1ರಂದು ಚಾಪ್‌ಮನ್ ಮತ್ತು ಮೈಕೇಲ್ ಅಲೆನ್ ಕೂಡಿ ಲೋಟಸ್ ಎಂಜಿನಿಯರಿಂಗ್ ಎಂಬ ಸಂಸ್ಥೆಯನ್ನು ತೆರೆದರು. ಹೇಜಲಳು ಕೊಟ್ಟ 25 ಪೌಂಡುಗಳು ಅದರ ಮೂಲಧನ. ಹಾರ್ನ್‌ಸಿಯಲ್ಲಿ ಚಾಪ್‌ಮನ್ನನ ತಂದೆಯು ನಡೆಸುತ್ತಿದ್ದ ರೈಲ್ವೆ ಹೋಟೆಲಿನ ಹಿಂದಿನ ಕುದುರೆ ಲಾಯವೇ ಕಾರ್ಖಾನೆ. ಮೈಕೇಲನು ದಿನವಿಡೀ ಅಲ್ಲಿ ದುಡಿದನು. ಚಾಪ್‌ಮನ್ನನು ಹಗಲು ಬ್ರಿಟಿಷ್ ಅಲ್ಯುಮಿನಿಯಂ ಕಂಪೆನಿಯಲ್ಲಿ ಎಂಜಿನಿಯರನಾಗಿದ್ದು, ಸಂಜೆ ಬಂದು ಸೇರಿಕೊಳ್ಳುತ್ತಿದ್ದನು. ಹೊಸದಾಗಿ ಕಟ್ಟಿದ ಮೊದಲನೆಯ ಮಾರ್ಕ್ 6 ಕಾರು ಅದೇ ವರ್ಷ ರಸ್ತೆಯ ಅಪಘಾತದಲ್ಲಿ ನುಚ್ಚುನೂರಾಯಿತು. ವಿಮೆಯ ಹಣದಿಂದ ಉದ್ಯಮವು ಹೇಗೋ ಉಸಿರು ಹಿಡಿದುಕೊಂಡಿತು. ಆದರೆ ವರ್ಷ ಮುಗಿಯುವುದರೊಳಗೆ ಮೈಕೇಲನು ಪಾಲುಗಾರಿಕೆಯಿಂದ ಹೊರಬಂದನು. ವುಡ್ ಗ್ರೀನಿನಲ್ಲಿ ಮಾತಾಗಿದ್ದಂತೆ ಮೂರು ಕಾರುಗಳು ಒಟ್ಟಿಗೆ ಪಂದ್ಯಕ್ಕೆ ಇಳಿಯಲೇ ಇಲ್ಲ.

ಲಾಯದಲ್ಲಿ ಮಾತ್ರ ಗ್ಯಾರೇಜಿನ ಪದ್ಧತಿಯೇ ಮುಂದುವರಿಯಿತು. ಹಗಲೆಲ್ಲ ಬೇರೆಡೆ ಉದ್ಯೋಗ ಮಾಡಿ, ರಾತ್ರಿ ಬಂದು ಕೆಲಸ ಮಾಡುವವರು ಹೆಚ್ಚಿದರು. ವಿಮಾನಗಳನ್ನು ಮಾಡುವ ಡಿ ಹ್ಯಾವಿಲೆಂಡ್ ಕಂಪೆನಿಯ ಮೈಕ್ ಕಾಸ್ಟಿನ್ 1953ರಲ್ಲಿ ಹೀಗೆಯೇ ಬಂದು ಸೇರಿದನು. ಮುಂದೆ ಎರಡು ಸಲ ವಿಶ್ವವಿಜೇತನಾದ ಗ್ರಹಾಂ ಹಿಲ್ ಕೂಡ ದಿನಕ್ಕೆ ಒಂದು ಪೌಂಡಿನ ಕೂಲಿಗೆ ಇಲ್ಲಿ ದುಡಿದವನೇ. ಮಾರ್ಕ್ 6 ಕಾರನ್ನು ಬಿಡಿ ಭಾಗಗಳಾಗಿ ಮಾರುತ್ತಿದ್ದರು. ಹಾಗೆ ಕೊಂಡರೆ ಖರೀದಿ ತೆರಿಗೆಯಿಲ್ಲ. ಕೊಂಡವನು ತನ್ನ ಮನೆಯ ಗ್ಯಾರೇಜಿನಲ್ಲಿ ಗೆಳೆಯರ ಸಹಾಯದಿಂದ ಜೋಡಿಸಿಕೊಳ್ಳಬೇಕು. ಒಂದು ಗ್ಯಾರೇಜಿನಲ್ಲಿ ಕಲಿತ ವಿದ್ಯೆಯು ಹೀಗೆ ಸುಮಾರು ನೂರು ಗ್ಯಾರೇಜುಗಳಿಗೆ ಹಂಚಿಹೋಯಿತು.

ಈ ಬಳ್ಳಿಯ ಕೊನೆಯ ಫಲವನ್ನೂ ಹೇಳಿ ಮುಗಿಸುತ್ತೇನೆ. ಮೈಕ್ ಕಾಸ್ಟಿನ್, ಲೋಟಸ್ಸಿನಲ್ಲಿಯೇ ಇದ್ದ ಕೀತ್ ಡಕ್‌ವರ್ತನೊಡನೆ ಕೂಡಿ, 1958ರಲ್ಲಿ ಕಾಸ್‌ವರ್ತ್ ಎಂಬ ಸಂಸ್ಥೆಯನ್ನು ಕಟ್ಟಿದನು. ಎರಡು ಹೆಸರುಗಳ ತುಂಡುಗಳನ್ನು ಜೋಡಿಸಿದ ಹೆಸರು ಅದು. ಫೋರ್ಡ್ ಕಂಪೆನಿಯು ಒದಗಿಸಿದ 1,00,000 ಪೌಂಡುಗಳ ನೆರವಿನಿಂದ ಅವರು ನಿರ್ಮಿಸಿದ ಡಿ.ಎಫ್.ವಿ. ಎಂಜಿನು 1967ರ ಜೂನ್ 4ರಂದು ಹಾಲೆಂಡಿನಲ್ಲಿ, ಜಿಮ್ ಕ್ಲಾರ್ಕನು ಓಡಿಸಿದ ಲೋಟಸ್ ಕಾರಿನಲ್ಲಿ, ಮೊದಲ ಪಂದ್ಯದಲ್ಲಿಯೇ ಗೆದ್ದಿತು. ಆ ವರ್ಷ ಅದು ಲೋಟಸ್ಸಿಗೆ ಮಾತ್ರ ಮೀಸಲು. ಆದರೆ ಇಂತಹ ಎಂಜಿನು ಒಬ್ಬರ ಕೈಯಲ್ಲಿಯೇ ಉಳಿದರೆ ಪಂದ್ಯವೇ ನೀರಸವಾಗುವುದೆಂದು ಫೋರ್ಡ್ ಕಂಪೆನಿಯ ವಾಲ್ಟರ್ ಹೇಸ್ ಮನಗಂಡು, 1968ರಿಂದ ಅದನ್ನು ಇತರರಿಗೂ ದೊರೆಯುವಂತೆ ಮಾಡಿದನು. ಒಂದು ಪುಟ್ಟ ಕ್ಲಬ್ಬು 1951ರ ಬಳಿಕ ನಿಷೇಧದ ಮೂಲಕ ಕಾಪಾಡಿದ ಸಮತೆಯನ್ನು ಒಂದು ದೊಡ್ಡ ಕಂಪೆನಿಯು ದಾನದ ಬಾಗಿಲನ್ನು ತೆರೆದು ಕಾಪಾಡಿತು. ಆ ಎಂಜಿನಿನಿಂದ ಒಟ್ಟು 155 ವಿಶ್ವಮಟ್ಟದ ಪಂದ್ಯಗಳು ಗೆಲ್ಲಲ್ಪಟ್ಟವು. ಅವುಗಳಲ್ಲಿ ಒಂದು 1968ರ ಬೆಲ್ಜಿಯಂ ಪಂದ್ಯ. ಗೆದ್ದವನು ಬ್ರೂಸ್ ಮೆಕ್‌ಲಾರೆನ್, ತನ್ನದೇ ಹೆಸರಿನ ಕಾರಿನಲ್ಲಿ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ತಂದೆಯ ಗ್ಯಾರೇಜಿನಲ್ಲಿ ಬೆಳೆದ ಈತನು ಬಾಲ್ಯದಲ್ಲಿ ತಂದೆಯೊಡನೆ ಬಿಡಿ ಬಿಡಿಯಾಗಿ ತಂದು ಜೋಡಿಸಿ ಓಡಿಸಿದ ಮೊದಲನೆಯ ಪಂದ್ಯದ ಕಾರು ಯಾವುದು? ಅದೂ ಒಂದು ಹಳೆಯ ಆಸ್ಟಿನ್ ಸೆವೆನ್.

ಚಾಪ್‌ಮನ್ 1982ರಲ್ಲಿ ತೀರಿಕೊಂಡನು. ಆತನ ಕಾಲದಲ್ಲಿ ಲೋಟಸ್ ಏಳು ಸಲ ನಿರ್ಮಾಪಕರ ವಿಶ್ವಪದವಿಯನ್ನು ಪಡೆದಿತ್ತು. ಆತನ ಪ್ರತಿಭೆಯನ್ನು ಅಲ್ಲಗಳೆಯುವುದು ಕೃತಘ್ನತೆ. ವುಡ್ ಗ್ರೀನಿನ ಗ್ಯಾರೇಜಿಗೆ ಬಂದವರು ಹಲವರಿದ್ದರೂ ಆ ತೆಳುವಾದ ತಡಿಕೆಯು ಹೊಳೆದದ್ದು ಆತನೊಬ್ಬನಿಗೇ. ಆದರೆ ಹೊಳೆದದ್ದನ್ನು ಲೋಹದಲ್ಲಿ ಮಾಡಿ ನೋಡುವುದಕ್ಕೆ ಬೇಕಾದ ಮೇಜು, ವೈಸು, ಬೆಳಕು ಅಲೆನ್ ಸಹೋದರರವು. ತಮ್ಮ ಎರಡು ಕಾರುಗಳನ್ನು ಬದಿಗಿಟ್ಟು ಅವನ ಕಾರಿಗೆ ದುಡಿದ ಕೈಗಳೂ ಅವರವು. ಆ ಋಣವನ್ನು ಪೌಂಡುಗಳಲ್ಲಿ ತೀರಿಸುವ ಲೆಕ್ಕವು ನನಗೆ ತಿಳಿಯದು. ಚರಿತ್ರೆಕಾರನಿಗೆ ಸಾಧ್ಯವಾದ ತೀರುವಳಿ ಒಂದೇ, ಹೆಸರನ್ನು ಬರೆದಿಡುವುದು. 750 ಮೋಟಾರ್ ಕ್ಲಬ್ಬು ಇಂದಿಗೂ ಪಂದ್ಯಗಳನ್ನು ನಡೆಸುತ್ತಿದೆ. ನಮ್ಮ ಊರುಗಳಲ್ಲಿ ಗೆಳೆಯರು ಕೂಡಿ ಒಂದು ಕೊಟ್ಟಿಗೆಯನ್ನೋ ಜಗಲಿಯನ್ನೋ ಕಾರ್ಯಾಗಾರ ಮಾಡಿಕೊಂಡಿದ್ದರೆ, ಅಲ್ಲಿಂದ ನಾಳೆ ಯಾವನೊಬ್ಬನ ಹೆಸರು ಮೇಲಕ್ಕೆ ಬಂದೀತೋ ಹೇಳಬಲ್ಲವರಿಲ್ಲ. ಅಲ್ಲಿ ಬೀಗದ ಕೈಯನ್ನು ಕೊಟ್ಟವರು ಯಾರೆಂಬುದನ್ನು ಇಂದೇ ಗೋಡೆಯ ಮೇಲೆ ಬರೆದಿಟ್ಟರೆ ಒಳ್ಳೆಯದು.