ಇಲಿ, ದಂಡು ಮತ್ತು ಗುಳೇ: ಪಶ್ಚಿಮ ಬಳ್ಳಾರಿ ಸೀಮೆಯ ಪಿಡುಗಿನ ಚರಿತ್ರೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಆಡುನುಡಿಯಲ್ಲಿ 'ಗುಳೇ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಬರ ಬಿದ್ದಾಗ ಹೊಟ್ಟೆಪಾಡಿಗಾಗಿ ಊರು ತೊರೆಯುವುದು ಒಂದು. ದೇವತೆಯ ಹೆಸರಿನಲ್ಲಿ ಇಡೀ ಊರೇ ಮನೆ ಬಾಗಿಲು ಹಾಕಿಕೊಂಡು, ಅಗಸೆಗೆ ಮುಳ್ಳು ಬಡಿದು, ಬಯಲಿನಲ್ಲಿ ಒಲೆ ಹೂಡಿ ತಂಗುವುದು ಇನ್ನೊಂದು. ಗುಳೇಲಕ್ಕಮ್ಮನ ಆಚರಣೆ ಮತ್ತು ಹೊರಬೀಡು ಈ ಎರಡನೆಯ ಬಗೆಗೆ ಸೇರಿದವು. ಇವನ್ನು ಕೇವಲ ಪ್ಲೇಗಿನ ನೆನಪೆಂದು ವಿವರಿಸುವ ವಾಡಿಕೆಯುಂಟು. ಆದರೆ ಊರು ಬಿಡುವ ಪದ್ಧತಿಗೆ ಬರ, ಮಾರಿ, ದಾಳಿ ಮೂರೂ ಕಾರಣವಾಗಿದ್ದ ಈ ಸೀಮೆಯಲ್ಲಿ ಒಂದೇ ರೋಗವನ್ನು ಅದರ ಮೂಲವೆನ್ನುವುದು ಅವಸರದ ತೀರ್ಮಾನ. ಪ್ಲೇಗು ಬಂದಾಗ ಜನರ ಕೈಯಲ್ಲಿ ಆಗಲೇ ಒಂದು ಉಪಾಯವಿತ್ತು ಎಂಬಷ್ಟನ್ನು ಹೇಳುವುದು ಹೆಚ್ಚು ಸೂಕ್ತ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿ, ಬೆಂಗಳೂರುಗಳನ್ನು ಮುಟ್ಟಿತು. ರೈಲುಮಾರ್ಗ ಮತ್ತು ಧಾನ್ಯದ ಮೂಟೆಗಳ ಜೊತೆಗೆ ಅದು ಸಾಗುತ್ತಿತ್ತು. 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂದ ಬಳ್ಳಾರಿ ಆಗ ಮದರಾಸು ಪ್ರಾಂತದ ಜಿಲ್ಲೆ. ಬಳ್ಳಾರಿ ಪಟ್ಟಣ ದೊಡ್ಡ ಸೈನಿಕ ಠಾಣ್ಯವೂ ಆಗಿತ್ತು. ಸೈನ್ಯಕ್ಕೂ ಅದರ ಬಿಡಾರಕ್ಕೂ ಕನ್ನಡದಲ್ಲಿ 'ದಂಡು' ಎಂಬ ಒಂದೇ ಹೆಸರು. ಮಧುಗಿರಿಯಲ್ಲಿ ಮಾರಮ್ಮನೇ ದಂಡಿನ ಮಾರಮ್ಮ. ರೋಗದೇವತೆಯನ್ನೂ ಸೈನ್ಯವನ್ನೂ ಒಂದೇ ಹೆಸರಿನಲ್ಲಿ ಕೂಡಿಸಿದ ಜನಪದ ಕಲ್ಪನೆಗೆ ಆ ಕಾಲದ ಅನುಭವ ಬಲ ತುಂಬಿರಬೇಕು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಸರ್ಕಾರಕ್ಕೆ ಅಪಾರ ಅಧಿಕಾರ ನೀಡಿತು. ಪುಣೆಯಲ್ಲಿ ರೋಗಿಗಳ ಶೋಧಕ್ಕೆ ಗೋರಾ ಸಿಪಾಯಿಗಳು ಮನೆಮನೆ ಹೊಕ್ಕರು. ಅದೇ ವರ್ಷದ ಜೂನಿನಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್‌ ಮೇಲೆ ಗುಂಡು ಹಾರಿತು. ಮೈಸೂರು ಸಂಸ್ಥಾನದಲ್ಲೂ 1898ರಲ್ಲಿ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಜನ ದಂಗೆಯೆದ್ದರು.

ಅಧಿಕಾರಿಗಳು ಕೊಳಕನ್ನೂ ಮನುಷ್ಯರನ್ನೂ ಶಂಕಿಸುತ್ತಿದ್ದಾಗ ಹಳ್ಳಿಗರು ಇಲಿಯನ್ನು ನೋಡುತ್ತಿದ್ದರು. 'ಇಲಿ ಬಿತ್ತು' ಎಂಬ ಎರಡು ಪದವೇ ಊರು ಬಿಡಲು ಸಾಕಿತ್ತು. ಸತ್ತ ಇಲಿಯ ಮೈಬಿಟ್ಟ ಹಸಿದ ಚಿಗಟ ಮನುಷ್ಯನನ್ನು ಕಚ್ಚುತ್ತದೆಂದು ಸಿಮಾಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿದ. ಆ ಮಾತನ್ನು ವೈದ್ಯಲೋಕ ಒಪ್ಪಲು ಮತ್ತೆ ಹಲವು ವರ್ಷಗಳೇ ಹಿಡಿದವು. ಹಳ್ಳಿಗರಿಗೆ ಚಿಗಟದ ಪಾತ್ರ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅವರ ಗುಡಿಸಲು ವಾಸ ಆ ಸರಪಳಿಯನ್ನು ಕಡಿಯುತ್ತಿತ್ತು. ಆಚರಣೆಯ ಗುಳೇ ಅಲ್ಪಾವಧಿಯದು, ಪ್ಲೇಗಿನ ಗುಳೇ ತಿಂಗಳುಗಟ್ಟಲೆಯದು. ಬಿತ್ತನೆ, ದನಕರು, ಕಾಳಿನ ಹಗೇವುಗಳ ಚಿಂತೆಯಿಂದ ಬೇಗ ಮರಳಿದವರಿಗೆ ಮನೆಯಲ್ಲಿ ಚಿಗಟ ಕಾದಿರುತ್ತಿತ್ತು. ಬಡವರಿಗೆ ಕಾಯುವ ಅನುಕೂಲವೂ ಇರಲಿಲ್ಲ.

ಬಯಲು ಎಲ್ಲ ಇಲಿರೋಗಗಳಿಗೂ ಆಸರೆಯಲ್ಲ. ಪ್ಲೇಗು ಬ್ಯಾಕ್ಟೀರಿಯಾದಿಂದ ಬರುವಂಥದು, ಮನೆಯಿಲಿಯ ನೆರೆಯಲ್ಲಿ ಬೆಳೆಯುವಂಥದು. ಕೊರಿಯಾ ಯುದ್ಧದಲ್ಲಿ, 1951ರಿಂದ 1953ರ ನಡುವೆ, ವಿಶ್ವಸಂಸ್ಥೆಯ ಪಡೆಗಳ ಸುಮಾರು 3,000 ಸೈನಿಕರನ್ನು ಜ್ವರ, ರಕ್ತಸ್ರಾವ, ಮೂತ್ರಪಿಂಡದ ವೈಫಲ್ಯಗಳಿಂದ ಕಾಡಿದ ರೋಗ ವೈರಸ್ಸಿನದು. ಹೊಲದ ಇಲಿಯ ಮೂತ್ರ, ಹಿಕ್ಕೆ ಬೆರೆತ ಧೂಳೇ ಅದರ ವಾಹನ, ಚಿಗಟ ಬೇಕಿಲ್ಲ. ಕಂದಕದಲ್ಲಿ, ಡೇರೆಯಲ್ಲಿ, ಹುಲ್ಲಿನ ನೆಲದಲ್ಲಿ ಮಲಗಿದವರೇ ಅದಕ್ಕೆ ಬಲಿ. 1976ರಲ್ಲಿ ಹೋ ವಾಂಗ್ ಲೀ ಅದರ ಸುಳಿವನ್ನು ಪಟ್ಟೆಬೆನ್ನಿನ ಹೊಲದಿಲಿಯಲ್ಲಿ ಪತ್ತೆಹಚ್ಚಿದರು. ವೈರಸ್ಸಿಗೆ ಹಂಟಾನ್ ನದಿಯ ಹೆಸರು ಬಂತು. ಅದೇ ಕೊರಿಯಾದ ಗಡಿವಲಯದಲ್ಲಿ 1953ರಲ್ಲಿ ಯುದ್ಧಕೈದಿಗಳ ಹಸ್ತಾಂತರದ ತಟಸ್ಥ ಆಯೋಗಕ್ಕೆ ಕೊಡಗಿನ ಕೆ. ಎಸ್. ತಿಮ್ಮಯ್ಯ ಅಧ್ಯಕ್ಷರಾಗಿದ್ದರು, ಭಾರತದ ಪಡೆ ಅಲ್ಲಿ ಬಿಡಾರ ಹೂಡಿತ್ತು. ಗುಳೇ ಹೋದ ರೈತನನ್ನು ಉಳಿಸಿದ ಬಯಲೇ ಸಿಪಾಯಿಗೆ ಕೊರಿಯಾದಲ್ಲಿ ಮೃತ್ಯುವಿನ ನೆಲೆಯಾದದ್ದು ಹೀಗೆ.

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಈ ಐದೂ ಪ್ರದೇಶಗಳು ಅದರೊಳಗೆ ಬಂದವು. ಹಿಂದಿನ ವರ್ಷವಷ್ಟೇ ಕೊರೋನಾ ದಿನಗಳಲ್ಲಿ ನಾಡಿನ ಎಷ್ಟೋ ಹಳ್ಳಿಗಳು ಊರಬಾಯಿಗೆ ಮುಳ್ಳುಕಂಟಿ ಎಳೆದಿದ್ದವು. ಈ ಸಲ ಜನ ಊರೊಳಗೇ ಉಳಿದರು. ಹೊರಗಿನವರು ಬಾರದಿರಲೆಂದು ಮುಳ್ಳು.