ಮೂವತ್ತೆರಡು ಬಿಟ್‌ಗಳಾಚೆಯ ಕಾಲ: ಗ್ಲಿಬ್‌ಸಿ ಲೈಬ್ರರಿಯ ಒಂದು ಆಯ್ಕೆ

ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳು 1970ರ ಜನವರಿ 1ರಿಂದ ಸಂದ ಸೆಕೆಂಡುಗಳನ್ನು ಎಣಿಸುತ್ತವೆ. ಎಣಿಕೆಗೆ ಚಿಹ್ನೆಸಹಿತ 32 ಬಿಟ್ ಇದ್ದರೆ ಅದು 2,14,74,83,647ಕ್ಕೆ ಮುಗಿಯುತ್ತದೆ. ಭಾರತೀಯ ಕಾಲಮಾನದಲ್ಲಿ ಆ ಗಡಿ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಮರುಕ್ಷಣ ಎಣಿಕೆ ಋಣಸಂಖ್ಯೆಯಾಗಿ, ಯಂತ್ರ 1901ರ ಡಿಸೆಂಬರ್‌ಗೆ ಹೋಗಿ ನಿಲ್ಲುತ್ತದೆ. ಇಂಥ ಇಕ್ಕಟ್ಟು ಯುನಿಕ್ಸ್‌ಗೆ ಹೊಸದಲ್ಲ. 1971ರ ಮೊದಲ ಆವೃತ್ತಿ ಸೆಕೆಂಡಿನ ಅರವತ್ತನೇ ಒಂದು ಭಾಗವನ್ನು ಎಣಿಸುತ್ತಿತ್ತು. 32 ಬಿಟ್ ಎರಡೂಕಾಲು ವರ್ಷಕ್ಕೇ ತುಂಬಿಬಿಡುತ್ತಿತ್ತು.

64 ಬಿಟ್ ಕೊಟ್ಟರೆ ಮುಗಿಯಿತಲ್ಲ ಎನಿಸಬಹುದು. ಲಿನಕ್ಸ್ ಕರ್ನಲ್ 2019ರ 5.1ನೇ ಆವೃತ್ತಿಯಲ್ಲಿ 32 ಬಿಟ್ ಯಂತ್ರಗಳಿಗೂ ಹೊಸ ಸಿಸ್ಟಂ ಕಾಲ್‌ಗಳನ್ನು ಕೊಟ್ಟಿತು. ಆದರೆ ಪ್ರೋಗ್ರಾಮ್‌ಗಳು ಸಾಮಾನ್ಯವಾಗಿ ಕರ್ನಲ್ ಜೊತೆ ನೇರವಾಗಿ ಮಾತಾಡುವುದಿಲ್ಲ, ನಡುವೆ ಗ್ಲಿಬ್‌ಸಿಯಂಥ ಸಿ ಲೈಬ್ರರಿ ಇದೆ. ನಿಜವಾದ ಕಷ್ಟ ಅಲ್ಲಿಯದು.

ಸಣ್ಣದೊಂದು ಉದಾಹರಣೆಯಲ್ಲೇ ಅದರ ಆಳ ತಿಳಿಯುತ್ತದೆ. ಸೆಕೆಂಡು ಮತ್ತು ನ್ಯಾನೊಸೆಕೆಂಡುಗಳ ಜೋಡಿಯಲ್ಲಿ ಎರಡನೆಯದು ‘ಲಾಂಗ್’ ಆಗಿರಬೇಕೆಂದು ಸಿ11 ಮಾನಕ ಹೇಳುತ್ತದೆ. 32 ಬಿಟ್ ಯಂತ್ರದಲ್ಲಿ ಲಾಂಗ್ ಎಂದರೆ 32 ಬಿಟ್. ಕರ್ನಲ್ ಆ ಜಾಗಕ್ಕೆ 64 ಬಿಟ್ ನಿರೀಕ್ಷಿಸುತ್ತದೆ. ಹಾಗಾಗಿ ಗ್ಲಿಬ್‌ಸಿ 32 ಬಿಟ್ ಖಾಲಿ ಜಾಗ ಸೇರಿಸುತ್ತದೆ: ಲಿಟಲ್ ಎಂಡಿಯನ್ ಯಂತ್ರದಲ್ಲಿ ನ್ಯಾನೊಸೆಕೆಂಡಿನ ನಂತರ, ಬಿಗ್ ಎಂಡಿಯನ್‌ನಲ್ಲಿ ಅದಕ್ಕೂ ಮೊದಲು. ಖಾಲಿ ಜಾಗದಲ್ಲಿ ಹಳೆಯ ಕಸ ಉಳಿದಿದ್ದೀತು. 32 ಬಿಟ್ ಪ್ರೋಗ್ರಾಮಿನಿಂದ ಬಂದ ಕರೆಯಲ್ಲಿ ಕರ್ನಲ್ ಅದನ್ನು ಗಣಿಸುವುದಿಲ್ಲ.

2021ರ ಗ್ಲಿಬ್‌ಸಿ 2.34 ಕಾಲದ ಈ 64 ಬಿಟ್ ವಿಸ್ತರಣೆಯನ್ನು ಕಂಪೈಲ್ ಮಾಡುವವರ ಆಯ್ಕೆಗೆ ಬಿಟ್ಟಿತು. ಕೇಳಿದವರಿಗೆ ಹೆಡರ್ ಫೈಲುಗಳು 64 ಬಿಟ್ ಫಂಕ್ಷನ್‌ನತ್ತ ದಾರಿ ತೋರಿಸುತ್ತವೆ. ಹಳೆಯ ಪ್ರೋಗ್ರಾಮ್‌ಗಳಿಗೆ ಹಳೆಯ ಹೆಸರೇ ಸಿಗುತ್ತದೆ. ಹಳೆಯ ಹೆಸರಿನಲ್ಲಿ ಬಂದವರಿಗೆ ಕೊಡಬೇಕಾದ ಕಾಲ 32 ಬಿಟ್‌ಗೆ ಹಿಡಿಯದಿದ್ದರೆ ಲೈಬ್ರರಿ ಅದನ್ನು ಕತ್ತರಿಸಿ ಕೊಡದೆ ಓವರ್‌ಫ್ಲೋ ದೋಷ ವರದಿ ಮಾಡುತ್ತದೆ. ಸುಳ್ಳು ತಾರೀಖಿಗಿಂತ ನಿರಾಕರಣೆ ಮೇಲು. ಇಡೀ ವಿನ್ಯಾಸದಲ್ಲಿ ನನಗೆ ಅತ್ಯಂತ ಸರಿಯೆನಿಸುವ ನಿರ್ಧಾರ ಇದು.

ಆಯ್ಕೆಗೆ ಬೆಲೆಯೂ ಇದೆ. 32 ಬಿಟ್ ಕಾಲವನ್ನು ನಂಬಿದ ಲೈಬ್ರರಿಯೊಂದಕ್ಕೆ 64 ಬಿಟ್ ಕಾಲ ಬಳಸುವ ಪ್ರೋಗ್ರಾಮ್ ತನ್ನ ಸ್ಟ್ರಕ್ಚರ್ ಕಳಿಸಿದರೆ ಒಳಗಿನ ಜಾಗಗಳು ಪಲ್ಲಟವಾಗಿರುತ್ತವೆ. ಲಿಂಕರ್ ನೋಡುವುದು ಹೆಸರನ್ನು ಮಾತ್ರ, ಅಳತೆಯನ್ನಲ್ಲ, ಎಚ್ಚರಿಕೆಯೇ ಬರುವುದಿಲ್ಲ. ಆಯ್ಕೆ ಕೊಡುವ ಬದಲು, ಯುನಿಕ್ಸ್ ಪರಂಪರೆಯದೇ ಇನ್ನೊಂದು ವ್ಯವಸ್ಥೆಯಾದ 2014ರ ಓಪನ್‌ಬಿಎಸ್‌ಡಿ 5.5 ಎಲ್ಲವನ್ನೂ ಒಂದೇಟಿಗೆ 64 ಬಿಟ್ ಮಾಡಿ ಹಳೆಯ ಬೈನರಿಗಳನ್ನು ಕೈಬಿಟ್ಟಿತು. ಕರ್ನಲ್, ಲೈಬ್ರರಿ ಎರಡನ್ನೂ ಒಂದೇ ತಂಡ ಕಟ್ಟುವಲ್ಲಿ ಅದು ಸಾಧ್ಯ. ಗ್ಲಿಬ್‌ಸಿಗೆ ಆ ಸ್ವಾತಂತ್ರ್ಯವಿರಲಿಲ್ಲ, ಹೊರೆ ಲಿನಕ್ಸ್ ವಿತರಕರ ಮೇಲೆ ಬಿತ್ತು.

ಅಂಥದೊಂದು ವಿತರಣೆಯಾದ 2025ರ ಡೆಬಿಯನ್ 13ರಲ್ಲಿ ಆ ಹೊರೆ ಕಣ್ಣಿಗೆ ಕಾಣುತ್ತದೆ. ಕಾಲದ ಅಳತೆ ಬದಲಾದ ಲೈಬ್ರರಿ ಪ್ಯಾಕೇಜುಗಳ ಹೆಸರಿನ ಕೊನೆಗೆ ‘ಟಿ64’ ಸೇರಿತು. ಲಿಂಕರ್‌ಗೆ ಕಾಣದ ವ್ಯತ್ಯಾಸವನ್ನು ಹೀಗೆ ಪ್ಯಾಕೇಜಿನ ಹೆಸರಲ್ಲೇ ಬರೆದಿಟ್ಟರು. 32 ಬಿಟ್ ಆರ್ಮ್ ಯಂತ್ರಗಳ ಆರ್ಮ್‌ಎಚ್‌ಎಫ್ ಆವೃತ್ತಿ 64 ಬಿಟ್ ಕಾಲಕ್ಕೆ ದಾಟಿತು. 32 ಬಿಟ್ ಇಂಟೆಲ್ ಮಾದರಿಯ ಯಂತ್ರಗಳ ಐ386 ಮಾತ್ರ ಹಳೆಯ ಬೈನರಿಗಳನ್ನು ಓಡಿಸುವ ಸಲುವಾಗಿಯೇ 32 ಬಿಟ್ ಕಾಲದಲ್ಲಿ ಉಳಿದುಕೊಂಡಿದೆ.