ರಣರಂಗದ ಪಡಿಯೂ ಯೋಧನ ರುಚಿಯೂ

ಸೈನ್ಯಗಳ ಚರಿತ್ರೆಯನ್ನು ಬರೆದವರು ಆಯುಧಗಳಿಗೂ ವ್ಯೂಹರಚನೆಗೂ ಕೊಟ್ಟಿರುವಷ್ಟು ಗಮನವನ್ನು ದಂಡಿನ ಊಟಕ್ಕೆ ಕೊಟ್ಟಿಲ್ಲ. ಕೊಟ್ಟಿರುವ ಕಡೆಗಳಲ್ಲಿಯೂ ಅವರು ಆಧಾರವಾಗಿ ಹಿಡಿಯುವುದು ಸಾಮಾನ್ಯವಾಗಿ ಪಡಿಯ ಪಟ್ಟಿಯನ್ನು. ತಲೆಗೆ ದಿನವೊಂದಕ್ಕೆ ಇಷ್ಟು ಹಿಟ್ಟು, ಇಷ್ಟು ಬೇಳೆ, ಇಷ್ಟು ಮಾಂಸ ಎಂದು ಪಟ್ಟಿಯಲ್ಲಿ ಕಂಡರೆ, ಸಿಪಾಯಿಯು ಅಷ್ಟನ್ನೂ ಉಂಡನೆಂದೇ ಭಾವಿಸಿ ಮುಂದೆ ಸಾಗುವುದು ರೂಢಿಯಾಗಿದೆ. ಆದರೆ ಉಗ್ರಾಣದಿಂದ ಹೊರಬಿದ್ದುದೆಲ್ಲ ಹೊಟ್ಟೆಯನ್ನು ಸೇರುವುದಿಲ್ಲ. ಇವೆರಡರ ನಡುವಿನ ಅಂತರವನ್ನು ಇಪ್ಪತ್ತನೆಯ ಶತಮಾನದ ಸೇನೆಗಳು ಹೇಗೆ ಕಂಡುಕೊಂಡವು, ಹೊಸ ಭಕ್ಷ್ಯಗಳನ್ನು ರೂಪಿಸುವಾಗಲೂ ಅವುಗಳ ಗುಣಾವಗುಣಗಳನ್ನು ನಿರ್ಣಯಿಸುವಾಗಲೂ ಯಾರ ಮಾತಿಗೆ ಬೆಲೆ ಕೊಟ್ಟವು ಎಂಬುದನ್ನು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನಗಳ ಸೇನೆಯ ನಿದರ್ಶನದಿಂದ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

೧

ಈ ಅಂತರವು ಎಷ್ಟು ಘೋರವಾಗಬಲ್ಲುದೆಂಬುದಕ್ಕೆ ಪ್ರಥಮ ಮಹಾಯುದ್ಧದ ಒಂದು ಪ್ರಸಂಗವನ್ನು ಮೊದಲು ನೆನೆಯಬಹುದು. ೧೯೧೫ರ ಡಿಸೆಂಬರ್ ತಿಂಗಳಿನಿಂದ ೧೯೧೬ರ ಏಪ್ರಿಲ್ ೨೯ರವರೆಗೆ, ಟೈಗ್ರಿಸ್ ನದಿಯ ತೀರದ ಕುತ್ ಪಟ್ಟಣದಲ್ಲಿ ಜನರಲ್ ಟೌನ್‌ಷೆಂಡನ ಸೇನೆಯನ್ನು ತುರ್ಕಿಯವರು ಮುತ್ತಿದ್ದರು. ಆ ಸೇನೆಯಲ್ಲಿ ಭಾರತೀಯ ಸಿಪಾಯಿಗಳೇ ಹೆಚ್ಚಿನ ಸಂಖ್ಯೆಯಲ್ಲಿದ್ದರು. ಧಾನ್ಯವು ಮುಗಿಯುತ್ತ ಬಂದಂತೆ ಕುದುರೆಗಳನ್ನು ಕಡಿದು ಮಾಂಸವನ್ನು ಹಂಚಲಾಯಿತು. ಭಾರತೀಯ ಸಿಪಾಯಿಗಳಲ್ಲಿ ಅನೇಕರು ಧರ್ಮ ಮತ್ತು ಕುಲಾಚಾರಗಳ ಕಾರಣದಿಂದ ಅದನ್ನು ಮುಟ್ಟಲಿಲ್ಲ. ಭಾರತದ ಧರ್ಮಗುರುಗಳಿಂದ ಅನುಮತಿಯನ್ನು ತರಿಸಿ ತಿಳಿಸಿದ ಮೇಲೂ ಬಹುಮಂದಿಯ ಮನಸ್ಸು ಬಹಳ ಕಾಲ ಒಪ್ಪಲಿಲ್ಲ. ಊರಿಗೆ ಹಿಂದಿರುಗಿದಾಗ ಬಂಧುಗಳು ಏನೆಂದಾರು ಎಂಬ ಅಳುಕು ಹಸಿವಿಗಿಂತ ಬಲವಾಗಿದ್ದಿತು. ಪರಿಣಾಮವಾಗಿ ಭಾರತೀಯರಲ್ಲಿ ಸ್ಕರ್ವಿ ರೋಗವು ಹಬ್ಬಿತು. ಬಿಳಿಯ ಹಿಟ್ಟಿನ ರೊಟ್ಟಿಯನ್ನು ತಿನ್ನುತ್ತಿದ್ದ ಬ್ರಿಟಿಷ್ ಸೈನಿಕರಲ್ಲಾದರೋ ಬೆರಿಬೆರಿ ಕಾಣಿಸಿಕೊಂಡಿತು. ತೌಡು ತೆಗೆಯದ ಗೋಧಿ ಹಿಟ್ಟನ್ನು ಬಳಸುತ್ತಿದ್ದ ಭಾರತೀಯರು ಆ ಒಂದು ರೋಗದಿಂದ ಪಾರಾಗಿದ್ದರು. ಒಂದೇ ಮುತ್ತಿಗೆಯೊಳಗೆ ಎರಡು ಊಟದ ಪದ್ಧತಿಗಳು ಎರಡು ರೋಗಗಳನ್ನು ಹಂಚಿದುವು. ಮಾಂಸವು ಪಟ್ಟಿಯಲ್ಲಿದ್ದಿತು, ತಟ್ಟೆಯಲ್ಲಿ ಇರಲಿಲ್ಲ.

೨

ಪಡಿಯನ್ನು ವೈಜ್ಞಾನಿಕವಾಗಿ ರೂಪಿಸುವ ಪ್ರಯತ್ನವು ಅಮೆರಿಕದಲ್ಲಿ ೧೯೩೦ರ ದಶಕದಲ್ಲಿ ಬಲಗೊಂಡಿತು. ೧೯೩೭ರಲ್ಲಿ ಕ್ಯಾಪ್ಟನ್ ಪಾಲ್ ಲೋಗನ್ ಎಂಬ ಅಧಿಕಾರಿಯು ಹರ್ಷಿ ಚಾಕೊಲೇಟ್ ಕಂಪನಿಯ ಮುಂದೆ ಇಟ್ಟ ಬೇಡಿಕೆಯು ವಿಚಿತ್ರವಾದುದು. ಆಪತ್ಕಾಲಕ್ಕೆಂದು ಆತನು ಕೇಳಿದ ಚಾಕೊಲೇಟ್ ಬಿಲ್ಲೆಯು ನಾಲ್ಕು ಔನ್ಸ್ ತೂಗಬೇಕು, ಸೆಕೆಗೆ ಕರಗಬಾರದು, ಹೆಚ್ಚು ಶಕ್ತಿಯನ್ನು ಕೊಡಬೇಕು. ರುಚಿಯು ಮಾತ್ರ ಬೇಯಿಸಿದ ಆಲೂಗೆಡ್ಡೆಗಿಂತ ಸ್ವಲ್ಪವೇ ಮೇಲಾಗಿರಬೇಕು! ರುಚಿಯಾಗಿದ್ದರೆ ಸಿಪಾಯಿಯು ಆಪತ್ತು ಬರುವ ಮೊದಲೇ ಅದನ್ನು ತಿಂದು ಮುಗಿಸುವನೆಂಬ ಶಂಕೆಯೇ ಇದಕ್ಕೆ ಕಾರಣ. ಹೀಗೆ ಹುಟ್ಟಿದ 'ಡಿ' ಪಡಿಯ ಬಿಲ್ಲೆಯೊಂದರಲ್ಲಿ ೬೦೦ ಕ್ಯಾಲೊರಿಗಳಿದ್ದುವು. ಬೇಡಿಕೆಯು ಅಕ್ಷರಶಃ ಈಡೇರಿತು. ಯುದ್ಧಕಾಲದಲ್ಲಿ ಸಿಪಾಯಿಗಳು ಅದನ್ನು ಚಾಕುವಿನಿಂದ ಕೆರೆದು ತಿನ್ನಬೇಕಾಯಿತು. ಎಷ್ಟೋ ಮಂದಿ ಎಸೆದರು. ರುಚಿಯನ್ನು ಶತ್ರುವೆಂದು ಎಣಿಸಿದ ಈ ತರ್ಕದಲ್ಲಿ ಸಿಪಾಯಿಯ ಅಭಿಪ್ರಾಯಕ್ಕೆ ಸ್ಥಾನವಿರಲಿಲ್ಲ.

೧೯೪೧ರಲ್ಲಿ ಮಿನೆಸೋಟ ವಿಶ್ವವಿದ್ಯಾನಿಲಯದ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ ಅವರಿಗೆ ಸೇನೆಯು ಮತ್ತೊಂದು ಕಾರ್ಯವನ್ನು ವಹಿಸಿತು. ಆಕಾಶದಿಂದ ಧುಮುಕುವ ಯೋಧನ ಜೇಬಿನಲ್ಲಿ ಹಿಡಿಯುವಂಥ ಊಟವು ಬೇಕಾಗಿದ್ದಿತು. ಕೀಸ್ ಅವರು ಊರಿನ ಒಂದು ದಿನಸಿ ಅಂಗಡಿಗೆ ಹೋಗಿ ಗಟ್ಟಿ ಬಿಸ್ಕತ್ತು, ಒಣ ಸಾಸೇಜು, ಪೆಪ್ಪರಮೆಂಟು, ಚಾಕೊಲೇಟುಗಳನ್ನು ಆರಿಸಿ ತಂದರು. ಸುಮಾರು ೩೨೦೦ ಕ್ಯಾಲೊರಿಗಳ ಈ ಗಂಟನ್ನು ಆರು ಮಂದಿ ಸೈನಿಕರ ಮೇಲೆ ಪರೀಕ್ಷಿಸಲಾಯಿತು. ಅನಂತರ ಅದೇ 'ಕೆ' ಪಡಿಯಾಗಿ ಪರಿಷ್ಕಾರಗೊಂಡು, ೧೯೪೨ರಿಂದ ಕೋಟಿಗಟ್ಟಳೆ ಪೊಟ್ಟಣಗಳಲ್ಲಿ ಲೋಕದ ರಣರಂಗಗಳನ್ನೆಲ್ಲ ಮುಟ್ಟಿತು. ಕೆಲವೇ ದಿನಗಳ ಉಪಯೋಗಕ್ಕೆಂದು ಮಾಡಿದ ಪಡಿಯಿದು ಎಂಬುದನ್ನು ಇಲ್ಲಿ ಮರೆಯಬಾರದು.

ಬರ್ಮಾದ ಕಾಡಿನಲ್ಲಿ ಅದನ್ನು ಮರೆಯಲಾಯಿತು. ೧೯೪೪ರಲ್ಲಿ ಜನರಲ್ ಮೆರಿಲ್ಲನ ಹೆಸರಿನಿಂದ ಪ್ರಸಿದ್ಧವಾದ ದಳವು, ಸುಮಾರು ಮೂರು ಸಾವಿರ ಮಂದಿ, ತಿಂಗಳುಗಟ್ಟಳೆ ಬಹುತೇಕ 'ಕೆ' ಪಡಿಯಿಂದಲೇ ಜೀವಿಸಬೇಕಾಯಿತು. ಅದರಲ್ಲಿದ್ದ ನಿಂಬೆಯ ಪುಡಿಯು 'ಸಿ' ಜೀವಸತ್ತ್ವದ ಮುಖ್ಯ ಆಧಾರ. ಅದರ ಹುಳಿಯು ಸೈನಿಕರಿಗೆ ಹಿಡಿಸದೆ, ಬಹುತೇಕ ಪುಡಿಯು ನೆಲದ ಪಾಲಾಗುತ್ತಿದ್ದಿತು. ಮೇ ೧೭ರಂದು ಮಿಚ್ಚಿನಾದ ವಿಮಾನ ನಿಲ್ದಾಣವು ಕೈವಶವಾಗುವ ವೇಳೆಗೆ ರೋಗ ಮತ್ತು ಪೋಷಣೆಯ ಕೊರತೆಗಳಿಂದ ದಳವು ಕುಗ್ಗಿಹೋಗಿದ್ದಿತು. ಇದಕ್ಕೆಲ್ಲ ಊಟವೊಂದೇ ಕಾರಣವೆಂದು ಹೇಳುವುದು ಸರಿಯಲ್ಲ. ಮಲೇರಿಯ, ಆಮಶಂಕೆ, ಟೈಫಸ್ ಜ್ವರಗಳ ಪಾಲು ಬಹಳ ದೊಡ್ಡದು. ಆದರೂ ರಸಾಯನಶಾಲೆಯ ಲೆಕ್ಕದಲ್ಲಿ ಪೂರ್ಣವೆನಿಸಿದ ಪಡಿಯು, ಅದರ ಒಂದು ಅಂಶವು ನಾಲಗೆಗೆ ಒಗ್ಗದಿದ್ದರೆ, ಅಪೂರ್ಣವಾಗಿ ಬಿಡುವುದೆಂಬುದು ಸ್ಪಷ್ಟವಾಯಿತು.

೩

ಯುದ್ಧಾನಂತರ ಚಿಕಾಗೋ ನಗರದಲ್ಲಿದ್ದ ಸೇನಾ ಆಹಾರ ಸಂಶೋಧನ ಸಂಸ್ಥೆಯು ಈ ಪಾಠವನ್ನು ಅಳತೆಯ ರೂಪಕ್ಕೆ ತರಲು ತೊಡಗಿತು. ಅದುವರೆಗೆ ಆಹಾರದ ಗುಣವನ್ನು ನಿರ್ಣಯಿಸುತ್ತಿದ್ದವರು ನುರಿತ ರುಚಿಪರೀಕ್ಷಕರು. ಎರಡು ಮಾದರಿಗಳ ನಡುವಣ ಸೂಕ್ಷ್ಮ ಭೇದವನ್ನು ಅವರು ಹೇಳಬಲ್ಲವರಾಗಿದ್ದರು. ಸಾಮಾನ್ಯ ಸಿಪಾಯಿಗೆ ಯಾವುದು ಹಿತವೆಂದು ಹೇಳಲು ಶಕ್ತರಾಗಿರಲಿಲ್ಲ. ಡೇವಿಡ್ ಪೆರಿಯಮ್ ಮತ್ತು ಅವರ ಸಂಗಡಿಗರು ಪ್ರಶ್ನೆಯನ್ನೇ ಬದಲಾಯಿಸಿ, 'ಇದು ನಿನಗೆ ಎಷ್ಟು ಇಷ್ಟ?' ಎಂದು ತಿನ್ನುವವನನ್ನೇ ಕೇಳಿದರು. ಉತ್ತರಕ್ಕೆ ಒಂಬತ್ತು ಮೆಟ್ಟಿಲುಗಳನ್ನು ಕೊಟ್ಟರು. 'ಅತ್ಯಂತ ಅನಿಷ್ಟ' ಎಂಬುದಕ್ಕೆ ೧, 'ಇಷ್ಟವೂ ಅಲ್ಲ, ಅನಿಷ್ಟವೂ ಅಲ್ಲ' ಎಂಬುದಕ್ಕೆ ೫, 'ಅತ್ಯಂತ ಇಷ್ಟ' ಎಂಬುದಕ್ಕೆ ೯ ಎಂದು ಅಂಕಗಳು. ಚಿಕಾಗೋ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಥರ್‌ಸ್ಟನ್ ಮತ್ತು ಅವರ ಶಿಷ್ಯ ಜೋನ್ಸ್ ಈ ಕಾರ್ಯದಲ್ಲಿ ಭಾಗಿಗಳಾಗಿ, ಯಾವ ಶಬ್ದವು ಸೈನಿಕನ ಮನಸ್ಸಿನಲ್ಲಿ ಎಷ್ಟು ತೂಗುತ್ತದೆಂಬುದನ್ನೂ ಪರೀಕ್ಷಿಸಿದರು. ೧೯೫೫ ಮತ್ತು ೧೯೫೭ರಲ್ಲಿ ಪ್ರಕಟವಾದ ಪ್ರಬಂಧಗಳ ಮೂಲಕ ಈ ಮಾನವು ದಂಡಿನ ಎಲ್ಲೆಯನ್ನು ದಾಟಿ ಲೋಕದ ಆಹಾರೋದ್ಯಮಗಳಲ್ಲೆಲ್ಲ ಹಬ್ಬಿತು. ಇಂದು ಅಂಗಡಿಗಳಲ್ಲಿ ಮಾರುವ ಎಷ್ಟೋ ತಿನಿಸುಗಳು ಸಿಪಾಯಿಗಾಗಿ ಹುಟ್ಟಿದ ಅಳತೆಗೋಲಿನಿಂದಲೇ ಅಳೆಯಲ್ಪಟ್ಟಿವೆ.

ಈ ಬದಲಾವಣೆಯು ಕೇವಲ ತಾಂತ್ರಿಕವಾದುದಲ್ಲ. ಆಜ್ಞೆಯನ್ನು ಪಾಲಿಸುವುದೇ ಧರ್ಮವಾಗಿದ್ದ ಮನುಷ್ಯನಿಗೆ, ಊಟದ ವಿಷಯದಲ್ಲಿಯಾದರೂ, ತೀರ್ಪು ಕೊಡುವ ಅಧಿಕಾರವು ದೊರೆಯಿತು. 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ನಮ್ಮ ಗಾದೆಯ ಪೂರ್ವಾರ್ಧವನ್ನು ಸೇನೆಯು ತಡವಾಗಿ ಒಪ್ಪಿಕೊಂಡಂತಾಯಿತು.

೪

ಆದರೆ ಅಂಕವು ದೊರೆತ ಮಾತ್ರಕ್ಕೆ ಸಮಸ್ಯೆಯು ಮುಗಿಯಲಿಲ್ಲ. ಚಿಕಾಗೋದ ಸಂಸ್ಥೆಯ ಕಾರ್ಯವು ೧೯೬೦ರ ದಶಕದಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ನೇಟಿಕ್‌ಗೆ ವರ್ಗವಾಯಿತು. ಅಲ್ಲಿ ರೂಪುಗೊಂಡ, ಎಂ.ಆರ್.ಇ. ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ಸಿದ್ಧ ಊಟದ ಪೊಟ್ಟಣವು ೧೯೮೧ರಿಂದ ದಂಡಿಗೆ ಸರಬರಾಜಾಯಿತು. ತಗಡಿನ ಡಬ್ಬಿಯ ಬದಲು ಲೋಹದ ಹಾಳೆ ಮತ್ತು ಪ್ಲಾಸ್ಟಿಕ್ಕಿನ ಪದರಗಳ ಚೀಲ, ಹನ್ನೆರಡು ಬಗೆಯ ಊಟಗಳು, ದಿನಕ್ಕೆ ಮೂರರಂತೆ ಸುಮಾರು ೩೬೦೦ ಕ್ಯಾಲೊರಿಗಳು. ೧೯೮೩ರಲ್ಲಿ ಹವಾಯಿ ದ್ವೀಪದಲ್ಲಿ ೨೫ನೆಯ ಪದಾತಿ ವಿಭಾಗದ ಸೈನಿಕರಿಗೆ ೩೪ ದಿನಗಳ ಕಾಲ ಈ ಊಟವನ್ನೇ ಕೊಟ್ಟು ಪರೀಕ್ಷಿಸಿದರು. ಸೈನಿಕರು ಅದಕ್ಕೆ ಕೊಟ್ಟ ಸರಾಸರಿ ಅಂಕವು ಒಂಬತ್ತಕ್ಕೆ ಏಳರ ಆಸುಪಾಸು, ಉತ್ತಮವೆಂದೇ ಹೇಳಬೇಕು. ಆದರೆ ಅವರು ತಿಂದುದು ಒದಗಿಸಿದ ಕ್ಯಾಲೊರಿಗಳಲ್ಲಿ ಸುಮಾರು ನೂರಕ್ಕೆ ಅರವತ್ತು ಪಾಲು ಮಾತ್ರ. ಅವರ ತೂಕವು ಇಳಿಯಿತು.

ಅನಂತರ ಇದೇ ಊಟವನ್ನು ವಿದ್ಯಾರ್ಥಿಗಳಿಗೆ ೪೫ ದಿನಗಳ ಕಾಲ ಕೊಟ್ಟು ನೋಡಲಾಯಿತು. ಅವರು ಕೊಟ್ಟ ಅಂಕವು ಸೈನಿಕರು ಕೊಟ್ಟುದಕ್ಕಿಂತ ಕಡಿಮೆ, ಆರರ ಆಸುಪಾಸು. ಆದರೂ ಅವರು ದಿನಕ್ಕೆ ಮೂರು ಸಾವಿರಕ್ಕೂ ಮೇಲ್ಪಟ್ಟ ಕ್ಯಾಲೊರಿಗಳನ್ನು ತಿಂದರು! ಮೆಚ್ಚಿದವರು ಕಡಿಮೆ ತಿಂದರು. ಅಷ್ಟಾಗಿ ಮೆಚ್ಚದವರು ಹೆಚ್ಚು ತಿಂದರು. ವಿದ್ಯಾರ್ಥಿಗಳಿಗೆ ಮೇಜು, ಕುರ್ಚಿ, ಗೊತ್ತಾದ ಹೊತ್ತು, ಜೊತೆಗಾರರೊಡನೆ ಕುಳಿತು ತಿನ್ನುವ ವಿರಾಮ ಇವೆಲ್ಲ ಇದ್ದುವು. ಸೈನಿಕನಾದರೋ ಕೆಲಸದ ನಡುವೆ ಬಿಡುವು ಸಿಕ್ಕಾಗ, ಎಲ್ಲಿದ್ದನೋ ಅಲ್ಲಿಯೇ, ಅನೇಕ ವೇಳೆ ತಣ್ಣಗಿನದನ್ನೇ ತಿನ್ನಬೇಕಾಗಿದ್ದಿತು. ಎರಡು ಗುಂಪುಗಳ ನಡುವೆ ಬೇರೆ ವ್ಯತ್ಯಾಸಗಳೂ ಇದ್ದುವಾದ್ದರಿಂದ ಈ ಹೋಲಿಕೆಯನ್ನು ಮಿತಿಮೀರಿ ಎಳೆಯಬಾರದು. ಆದರೂ ಊಟದ ಸಂದರ್ಭವು ಊಟದ ಪ್ರಮಾಣವನ್ನು ನಿಯಮಿಸುವುದೆಂಬ ತೀರ್ಮಾನಕ್ಕೆ ನೇಟಿಕ್ಕಿನ ಸಂಶೋಧಕರು ಬಂದುದು ಯುಕ್ತವೆಂದೇ ನಮಗೆ ತೋರುತ್ತದೆ.

ಈ ಪರೀಕ್ಷೆಗಳ ಫಲವಾಗಿ ೧೯೮೮ರಲ್ಲಿ ಹನ್ನೆರಡು ಮುಖ್ಯ ಭಕ್ಷ್ಯಗಳಲ್ಲಿ ಒಂಬತ್ತನ್ನು ಬದಲಾಯಿಸಿ, ಪ್ರಮಾಣವನ್ನು ಐದು ಔನ್ಸಿನಿಂದ ಎಂಟಕ್ಕೆ ಏರಿಸಿ, ಕೆಲವು ಪೊಟ್ಟಣಗಳಿಗೆ ಖಾರದ ಸಾಸನ್ನೂ ಎಲ್ಲಕ್ಕೂ ಪಾನೀಯದ ಪುಡಿಯನ್ನೂ ಸೇರಿಸಿದರು. ೧೯೯೦-೯೧ರ ಕೊಲ್ಲಿ ಯುದ್ಧದಲ್ಲಿ ಸೈನಿಕರು ಬಹುಕಾಲ ಇದನ್ನೇ ತಿನ್ನಬೇಕಾಗಿ ಬಂದು ದೂರುಗಳು ಹೆಚ್ಚಿದಾಗ, ಬೆಂಕಿಯಿಲ್ಲದೆ, ನೀರು ತಾಗಿದೊಡನೆ ಬಿಸಿಯಾಗುವ ಪುಟ್ಟ ಚೀಲವು ಪ್ರತಿ ಪೊಟ್ಟಣವನ್ನೂ ಸೇರಿತು. ಆ ದಶಕದ ಅಂತ್ಯಕ್ಕೆ ಊಟದ ಬಗೆಗಳು ಇಪ್ಪತ್ತನಾಲ್ಕಾದುವು. ಅಂದಿನಿಂದ ಹೊಸ ಭಕ್ಷ್ಯಗಳನ್ನು ದಂಡಿನ ನಡುವೆಯೇ ಪರೀಕ್ಷಿಸಿ, ಸೈನಿಕರು ತಿರಸ್ಕರಿಸಿದುವನ್ನು ಕೈಬಿಟ್ಟು, ಮೆಚ್ಚಿದುವನ್ನು ಸೇರಿಸುವ ಪದ್ಧತಿಯು ನೆಲೆಗೊಂಡಿತು.

ಹೊಸ ಭಕ್ಷ್ಯವೊಂದು ದಾಟಬೇಕಾದ ಹೊಳೆಯು ಸಣ್ಣದಲ್ಲ. ಅದು ೨೭ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಮೂರು ವರ್ಷ, ೩೮ ಡಿಗ್ರಿಯಲ್ಲಿ ಆರು ತಿಂಗಳು ಕೆಡದೆ ಇರಬೇಕು. ವಿಮಾನದಿಂದ ಕೆಳಗೆ ಹಾಕಿದರೂ ಒಡೆಯಬಾರದು. ಸೈನಿಕರು ಬಹುಕಾಲದಿಂದ ಬೇಡುತ್ತಿದ್ದ ಪಿಜ್ಜಾ ಅವರ ಕೈ ಸೇರಿದುದು ೨೦೧೮ರಲ್ಲಿ. ರೊಟ್ಟಿ, ಟೊಮೇಟೊ ರಸ, ಗಿಣ್ಣುಗಳು ಒಂದೇ ಚೀಲದಲ್ಲಿ ವರ್ಷಗಟ್ಟಳೆ ಕೂಡಿರುವಾಗ, ರಸದ ತೇವವು ರೊಟ್ಟಿಗೆ ಇಳಿದು ಅದನ್ನು ಮೆತ್ತಗೆ ಮಾಡಿ ಬೂಷ್ಟಿಗೆ ದಾರಿಮಾಡುತ್ತಿದ್ದುದೇ ಇಷ್ಟು ವಿಳಂಬಕ್ಕೆ ಮುಖ್ಯ ಕಾರಣ. ಇದಕ್ಕೆ ವಿಪರೀತವಾದ ನಿದರ್ಶನವೂ ಉಂಟು. ಈ ಶತಮಾನದ ಮೊದಲ ದಶಕದಲ್ಲಿ ಸೇರಿಸಿದ ಗಿಣ್ಣು-ತರಕಾರಿಯ ಆಮ್ಲೆಟ್ ಸೈನಿಕರ ಪರಿಹಾಸಕ್ಕೆ ಗುರಿಯಾಗಿ ಕೆಲವೇ ವರ್ಷಗಳಲ್ಲಿ ಹಿಂದೆ ಸರಿಯಿತು. ಪ್ರಯೋಗಶಾಲೆಯಲ್ಲಿ ತೇರ್ಗಡೆಯಾದುದು ಕಂದಕದಲ್ಲಿ ತೇರ್ಗಡೆಯಾಗುವುದೆಂಬ ಭರವಸೆಯಿಲ್ಲ.

೫

ಈ ವಿಷಯವು ನಮಗೆ ದೂರದ್ದೇನೂ ಅಲ್ಲ. ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯವು ೧೯೫೦ರಲ್ಲಿ ಮೈಸೂರಿನಲ್ಲಿ ಪ್ರಾರಂಭವಾಯಿತು. ೧೯೬೧ರ ಕೊನೆಯಲ್ಲಿ ಅದೇ ನಗರದಲ್ಲಿ ರಕ್ಷಣಾ ಆಹಾರ ಸಂಶೋಧನ ಪ್ರಯೋಗಾಲಯವೂ ಸ್ಥಾಪಿತವಾಯಿತು. ಕೆಡದೆ ಉಳಿಯುವ ಚಪಾತಿ, ನೀರು ಬೆರೆಸಿ ಮಾಡುವ ಉಪ್ಪಿಟ್ಟು ಮತ್ತು ಹಲ್ವಾ ಮಿಶ್ರಣಗಳು, ಚೀಲದಲ್ಲಿ ಹದಗೊಳಿಸಿದ ಪಲಾವು ಮೊದಲಾದುವು ಅಲ್ಲಿ ರೂಪುಗೊಂಡುವು. ಅಮೆರಿಕದ ಸೇನೆಗಿಂತ ಇಲ್ಲಿನ ಸಮಸ್ಯೆಯು ಹೆಚ್ಚು ಜಟಿಲವಾದುದು. ಒಂದೇ ದಂಡಿನಲ್ಲಿ ಅನ್ನದವರೂ ರೊಟ್ಟಿಯವರೂ, ಮಾಂಸಾಹಾರಿಗಳೂ ಶಾಕಾಹಾರಿಗಳೂ ಇದ್ದಾರೆ. ಕುತ್ ಪಟ್ಟಣದ ಪಾಠವು ಇಲ್ಲಿ ಸದಾ ಪ್ರಸ್ತುತ.

ಅಲ್ಲಿನ ಪ್ರಬಂಧಗಳಲ್ಲಿಯೂ ಒಂಬತ್ತು ಮೆಟ್ಟಿಲುಗಳ ಮಾನವನ್ನೇ ಬಳಸಿರುವುದು ಕಂಡುಬರುತ್ತದೆ. ಇಲ್ಲಿ ಒಂದು ಸೂಕ್ಷ್ಮವನ್ನು ವಿದ್ಯಾರ್ಥಿಗಳ ಗಮನಕ್ಕೆ ತರಬಯಸುತ್ತೇವೆ. ಆ ಮೆಟ್ಟಿಲುಗಳ ಅಂತರವನ್ನು ನಿರ್ಧರಿಸಿದುದು ಇಂಗ್ಲಿಷ್ ಮಾತನಾಡುವ ಅಮೆರಿಕನ್ ಸೈನಿಕನ ಶಬ್ದಬೋಧದ ಆಧಾರದ ಮೇಲೆ. ನಮ್ಮಲ್ಲಿ ಬಡಿಸಿದ ಊಟವನ್ನು ಕುರಿತು 'ಪರವಾಗಿಲ್ಲ' ಎಂದರೆ ಅದು ಐದೋ ಆರೋ, ಅಥವಾ ಬಡಿಸಿದವರ ಮನಸ್ಸು ನೋಯದಿರಲೆಂದು ಮರೆಮಾಚಿದ ಮೂರೋ? ಭಾಷೆಯೊಡನೆ ಸೌಜನ್ಯದ ರೀತಿಯೂ ಬದಲಾಗುವುದರಿಂದ, ಅಂಕವು ಒಂದೇ ಆದರೂ ಅರ್ಥವು ಒಂದೇ ಆಗಿರಬೇಕಾಗಿಲ್ಲ.

ಮೇಲಿನ ವಿವೇಚನೆಯಿಂದ ಚರಿತ್ರೆಯ ಅಭ್ಯಾಸಿಗೆ ಒಂದು ಕರ್ತವ್ಯವು ಗೋಚರಿಸುತ್ತದೆ. ಪಡಿಯ ಪಟ್ಟಿಯು ರಾಜ್ಯದ ಸಂಕಲ್ಪವನ್ನು ತಿಳಿಸುತ್ತದೆ. ಅಂಕಗಳ ಪಟ್ಟಿಯು ಸಿಪಾಯಿಯ ಮಾತನ್ನು ತಿಳಿಸುತ್ತದೆ. ತಟ್ಟೆಯಲ್ಲಿ ಉಳಿದುದರ ತೂಕವೇ ಅವನ ನಡತೆಯನ್ನು ತಿಳಿಸುತ್ತದೆ. ಮೊದಲನೆಯದರಿಂದ ಮೂರನೆಯದನ್ನು ಊಹಿಸಿ ಬರೆದ ಸೈನ್ಯಚರಿತ್ರೆಗಳನ್ನು ನಾವು ಎಚ್ಚರದಿಂದ ಓದಬೇಕು. ಬರಗಾಲದ ಗಂಜಿಕೇಂದ್ರಗಳ ಲೆಕ್ಕಪತ್ರಗಳಿಗೂ ಸೆರೆಮನೆಯ ಊಟದ ನಿಯಮಾವಳಿಗಳಿಗೂ ವಿದ್ಯಾರ್ಥಿನಿಲಯಗಳ ದಿನಸಿ ಪುಸ್ತಕಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಂಥ ದಾಖಲೆಗಳು ನಮ್ಮ ಪತ್ರಾಗಾರಗಳಲ್ಲಿ ಸಾಕಷ್ಟಿವೆ. ಅವುಗಳ ಅಂಚುಗಳಲ್ಲಿ, ದೂರು ಅರ್ಜಿಗಳಲ್ಲಿ, ವೈದ್ಯರ ವರದಿಗಳಲ್ಲಿ ಉಂಡವರ ಮಾತನ್ನು ಹುಡುಕುವ ಕೆಲಸವನ್ನು ತರುಣ ಸಂಶೋಧಕರು ಕೈಗೊಳ್ಳುವುದು ಅಪೇಕ್ಷಣೀಯ.